ಎಡಗಡೆಯ ಗಂಟು

ನಮ್ಮತ್ತೆಗೆ ಡಾಕ್ಟರುಗಳ ಮೇಲೆ ನಂಬಿಕೆಯಿರಲಿಲ್ಲ, ನನ್ನ ಮೇಲಂತೂ ಮೊದಲೇ ಇರಲಿಲ್ಲ. ಆಕೆ ಗುಡೇಕೋಟೆಯಲ್ಲಿ ಕುರಿ ಸಾಕಿಕೊಂಡಿದ್ದವಳು. ನಾನು ಕೂಡ್ಲಿಗಿಯಲ್ಲಿ ಟೀಚರು. ಕುರಿ ಹಿಂಡಲು ಬಾರದ ಸೊಸೆ ಎಂದು ಊರಿಗೆಲ್ಲ ಸಾರಿದ್ದಳು. ಅಂಥವಳು, ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಭಾನುವಾರ ನಮ್ಮ ಮನೆಗೆ ಬಂದು, ಮಗ ಸಂತೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಬಾಗಿಲ ಅಗುಳಿ ಹಾಕಿ, ನನ್ನ ಕೈ ಎಳೆದು ತನ್ನ ಎಡಮೊಲೆಯ ಮೇಲಿಟ್ಟಳು. ಹುಣಸೆ ಬೀಜಕ್ಕಿಂತ ದೊಡ್ಡ ಗಂಟೊಂದು ಬೆರಳಿಗೆ ಸಿಕ್ಕಿತು.

“ನಿನ್ನ ಗಂಡಗ ಹೇಳಿದ್ರ ನೋಡು, ಮತ್ತ ನಿನ್ನ ಮನಿ ಮೆಟ್ಲಾ ಹತ್ತಂಗಿಲ್ಲ” ಅಂದಳು.

ಬೇರೆ ದಿನ ಆ ಮಾತು ಕೇಳಿದ್ದರೆ ಹೋಳಿಗೆ ಮಾಡುತ್ತಿದ್ದೆ.

ಕೊಟ್ಟೂರಿನ ಲೇಡಿ ಡಾಕ್ಟರು ಮುಟ್ಟಿ ನೋಡಿ, ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು, ಮೊಲೆಯ ಎಕ್ಸ್‌ರೇ ತೆಗೆಯುವ ಮಿಷನ್ನು ಬೆಂಗಳೂರಿನಲ್ಲಿದೆ ಎಂದು ಚೀಟಿ ಬರೆದುಕೊಟ್ಟರು. ಹರಕೆ ತೀರಿಸಲು ಮೈಲಾರಕ್ಕೆ ಹೋಗುತ್ತೇವೆಂದು ಗಂಡನಿಗೆ ಸುಳ್ಳು ಹೇಳಿದೆ. ಅತ್ತೆ ಸೊಸೆ ಒಂದೇ ಬಸ್ಸಿಗೆ ಹೊರಟಿದ್ದೇ ಆತನಿಗೆ ದೇವರ ಮಹಿಮೆಯಾಗಿ ಕಂಡಿರಬೇಕು.

ಬೆಂಗಳೂರಿನ ಆಸ್ಪತ್ರೆಯ ಆ ಮಿಷನ್ನು ಮೊಲೆಯನ್ನು ಎರಡು ಹಲಗೆಗಳ ನಡುವೆ ಇಟ್ಟು ಅದುಮುತ್ತಿತ್ತು. ಅತ್ತೆ ಅದರ ವಂಶವನ್ನೆಲ್ಲ ಎತ್ತಿ ಬೈದಳು. ಕುರಿಯನ್ನಾದರೂ ಇದಕ್ಕಿಂತ ಮರ್ಯಾದೆಯಿಂದ ಹಿಂಡುತ್ತೇವೆ ಎಂದು ಫೋಟೋ ತೆಗೆಯುವ ಹುಡುಗಿಗೆ ಪಾಠ ಹೇಳಿದಳು. ಹುಡುಗಿ ನಕ್ಕೂ ನಕ್ಕೂ ಸಾಕಾಗಿ, ಎರಡೂ ಕಡೆಯದು ತೆಗೆದು ಕಳಿಸಿದಳು.

ಅಲ್ಲಿಯ ಡಾಕ್ಟರಮ್ಮ ಫಿಲ್ಮುಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಎಡಗಡೆಯದರ ಮುಂದೆ ನಿಂತೇಬಿಟ್ಟರು. ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಇದು ಒಳ್ಳೆಯ ಲಕ್ಷಣವಲ್ಲ, ಇಡೀ ಮೊಲೆ ತೆಗೆಯಬೇಕಾಗಬಹುದು ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ಬೈಸಿಕೊಂಡವಳು ನಾನು, ಈಕೆ ಹೋದರೆ ನನ್ನ ಗತಿಯೇನು ಅನ್ನಿಸಿದ್ದು ನಿಜ.

ಅಷ್ಟರಲ್ಲಿ ಆ ಹುಡುಗಿ ಒಳಗೆ ಬಂದು, ಮಿಷನ್ನಿನ ಹಲಗೆಗೆ ಕೆಂಪಗೆ ಏನೋ ಮೆತ್ತಿದೆ, ಒರೆಸಿದರೂ ಹೋಗುತ್ತಿಲ್ಲ ಎಂದು ಗೊಣಗಿದಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಫ್ಯಾನು ನೋಡಿದಳು. ಬಹಳ ಕೇಳಿದ ಮೇಲೆ ಬಾಯಿಬಿಟ್ಟಳು: ಎಂಟು ದಿನದಿಂದ ಗಂಟಿಗೆ ಅರಿಶಿನ ಸುಣ್ಣ ಕಲಸಿ ಹಚ್ಚುತ್ತಿದ್ದಳಂತೆ. ಕುರಿಯ ಕೆಚ್ಚಲು ಬಾತರೆ ಅವರ ಮನೆಯಲ್ಲಿ ಅದೇ ಔಷಧಿ. ತೊಳೆದರೆ ಗುಣ ಹೋಗುತ್ತದೆಂದು ಬೆಳಗ್ಗೆ ಬರೀ ಸೆರಗಿನಿಂದ ಒರೆಸಿಕೊಂಡು ಬಂದಿದ್ದಳು. ಹುಡುಗಿಯೋ, ಹೊಸ ಕುಪ್ಪಸ ಬಣ್ಣ ಬಿಟ್ಟಿದೆ ಅಂದುಕೊಂಡಿದ್ದಳು. ಸುಣ್ಣದ ಕಣಗಳು ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತವೆಂದು ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. ಬಚ್ಚಲಿಗೆ ಕರೆದೊಯ್ದು, ಸೋಪು ಹಾಕಿ, ಮದುವೆಯಾದಾಗಿನಿಂದ ಒಳಗಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಸೇರಿಸಿ ತಿಕ್ಕಿದೆ. ಎಡಗಡೆಯದನ್ನು ಮತ್ತೆ ತೆಗೆದಾಗ ಚುಕ್ಕೆಗಳೆಲ್ಲ ಮಾಯವಾಗಿದ್ದವು. ಗಂಟಿಗೆ ಸೂಜಿ ಚುಚ್ಚಿದರೆ ತಿಳಿನೀರು ಬಂತು, ಗಂಟು ಅಲ್ಲೇ ಇಳಿದುಹೋಯಿತು. ಬರೀ ನೀರಿನ ಗಂಟು, ಹೆದರಬೇಡಿ ಎಂದರು ಡಾಕ್ಟರಮ್ಮ. ನಾನು, ಅತ್ತೆ, ಆ ಹುಡುಗಿ, ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಲ್ಲುವ ಹೊತ್ತಿಗೆ ಡಾಕ್ಟರಮ್ಮ ಬಲಗಡೆಯ ಫಿಲ್ಮು ನೋಡುತ್ತಿದ್ದರು. ಅದರಲ್ಲೂ ಕೆಲವು ಬಿಳಿ ಚುಕ್ಕೆಗಳಿದ್ದವು, ಸ್ವಲ್ಪವೇ, ಒಂದೇ ಕಡೆ ಗುಂಪಾಗಿ.

“ಅಮ್ಮ, ಈ ಕಡೆಗೂ ಸುಣ್ಣ ಹಚ್ಚಿದ್ರಾ?”

ಹಚ್ಚಿದ್ದೆ ಅನ್ನಲಿ ಎಂದು ನಾನು ಗೊತ್ತಿದ್ದ ದೇವರಿಗೆಲ್ಲ ಕೈಮುಗಿದೆ.

“ಇಲ್ರಿ ಯವ್ವಾ. ಆ ಕಡಿ ಏನೂ ಇರಲಿಲ್ಲಲ್ರಿ, ಸುಮ್ನ ಯಾಕ ಹಚ್ಲಿ?”

ಇದೊಂದು ತಪ್ಪನ್ನಾದರೂ ಮಾಡಲಿಲ್ಲ ನೋಡು ಎಂಬಂತೆ ಆಕೆ ನನ್ನತ್ತ ತಿರುಗಿ ನಕ್ಕಳು. ನಾನೂ ನಕ್ಕೆ. ಆ ಚುಕ್ಕೆಗಳೇನೆಂದು ಆಕೆಗೆ ಹೇಳಬೇಕಾದವಳು ನಾನೇ ಎಂದು ಆಗಲೇ ಗೊತ್ತಾಗಿತ್ತು.