ಗಿರಾಕಿಯ ಕುರ್ಚಿ

ಬೆಳಗಾವಿಯಲ್ಲಿ ಬೆಳಗಿನ ಬಸ್ಸು ಹಿಡಿದ ನಾವು ನಮ್ಮ ಹಳೆಯ ಊರಿನ ಅಂಚಿನ ಕಾತ್ರಜ ತಲುಪುವಾಗ ಮಧ್ಯಾಹ್ನ ಎರಡು ದಾಟಿತ್ತು. ಡಿಸೆಂಬರ್ ಆದರೂ ಬಿಸಿಲು ಚುರುಕಾಗಿತ್ತು. ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದು ಕ್ಯಾಂಪ್ ಪೇಟೆಗೆ ರಿಕ್ಷಾ ಕೇಳಿದರೆ ಇನ್ನೂರು ಎಂದ. ನಾವು ಇಳಿಯಲಿದ್ದ ದೊಡ್ಡ ಹೋಟೆಲಿನ ಹೆಸರು ಹೇಳಿದ್ದೇ ತಪ್ಪಾಯಿತು. ಅಂಥಲ್ಲಿ ಇಳಿಯುವವರು ಚೌಕಾಸಿ ಮಾಡುವುದುಂಟೇ ಎಂಬಂತೆ ನೋಡಿದ. ನನ್ನ ಯಜಮಾನರು ಮರಾಠಿಯಲ್ಲಿ ನಾಲ್ಕು ಮಾತಾಡಿದ ಮೇಲೆ ನೂರಕ್ಕೆ ಒಪ್ಪಿದ. ಊರು ಬಿಟ್ಟು ಇಷ್ಟು ವರ್ಷವಾದರೂ ಇವರ ಮರಾಠಿಗೆ ತುಕ್ಕು ಹಿಡಿದಿರಲಿಲ್ಲ.

ಕುಂದಾಪುರದ ಕಡೆಯಿಂದ ಬಂದ ನನ್ನ ಮಾವ ಕ್ಯಾಂಪಿನ ಒಂದು ಗಲ್ಲಿಯಲ್ಲಿ ಇಡ್ಲಿ ದೋಸೆಯ ಹೋಟೆಲು ಇಟ್ಟಿದ್ದರು. ಅವರ ನಂತರ ಇವರು ನಡೆಸಿದರು, ವಯಸ್ಸಾಯಿತೆಂದು ಮಾರಿದರು, ನಾವು ಬೆಳಗಾವಿ ಸೇರಿದೆವು. ನನ್ನ ಸಂಸಾರವೆಲ್ಲ ನಡೆದದ್ದು ಅದರ ಮೇಲಿನ ಎರಡು ಕೋಣೆಗಳಲ್ಲಿ. ಅಲ್ಲಿನ ಕಿಟಕಿಯಿಂದ ಈ ದೊಡ್ಡ ಹೋಟೆಲಿನ ನೆತ್ತಿ ಕಾಣುತ್ತಿತ್ತು. ಸಂಜೆ ಅಲ್ಲಿ ದೀಪ ಹತ್ತಿದರೆ ನಾನು ಕೆಲಸ ಬಿಟ್ಟು ಒಂದು ಗಳಿಗೆ ನಿಂತು ನೋಡುತ್ತಿದ್ದೆ. ಮದುವೆಯ ಐವತ್ತನೇ ವರ್ಷಕ್ಕೆಂದು ಮಗಳು ಈಗ ಅಲ್ಲೇ ಎರಡು ರಾತ್ರಿಗೆ ಕೋಣೆ ಹಿಡಿದುಕೊಟ್ಟಿದ್ದಳು.

ನನಗೆ ಕೋಣೆಗಿಂತ ಬೇರೊಂದು ಆಸೆ ಇತ್ತು. ಮಾವನವರ ಕಟ್ಟುನಿಟ್ಟು ಒಂದಿತ್ತು: ಗಲ್ಲಾದಲ್ಲಿ ಕೂರುವವನು ಗಿರಾಕಿಯ ಕುರ್ಚಿಯಲ್ಲಿ ಕೂರಕೂಡದು. ಹಾಗಾಗಿ ಇವರು ಬಾಯ್ಲರಿನ ಪಕ್ಕ ನಿಂತೇ ತಿನ್ನುತ್ತಿದ್ದರು. ನಾನು ಮಕ್ಕಳೊಂದಿಗೆ ಮೇಲೆ ಉಣ್ಣುತ್ತಿದ್ದೆ. ಹೋಟೆಲು ಮಾರಿದ ಮೇಲಾದರೂ ಕೂತರೇ? ಮನೆಯಲ್ಲೂ ಗಬಗಬ ನುಂಗಿ ಎದ್ದುಬಿಡುತ್ತಾರೆ. ಒಮ್ಮೆಯಾದರೂ ಇವರು ನನ್ನ ಎದುರು ಕೂತು, ನನ್ನದು ಮುಗಿಯುವವರೆಗೆ ಏಳದೆ ಇರಬೇಕು. ಇದೇನು ದೊಡ್ಡ ಆಸೆಯೇ? ಈ ಸಲ ಅದನ್ನು ತೀರಿಸಿಕೊಂಡೇ ಬರಬೇಕೆಂದು ಹೊರಟಿದ್ದೆ.

ರುಮಾಲಿನ ದ್ವಾರಪಾಲಕ ಬಾಗಿಲು ತೆಗೆದು ಬಗ್ಗಿದ. ಇವರು ಅವನಿಗಿಂತ ಹೆಚ್ಚು ಬಗ್ಗಿದರು. ಒಳಗೆ ತಂಪು, ಮಲ್ಲಿಗೆಯಂಥ ಏನೋ ಪರಿಮಳ, ಛಾವಣಿಯಿಂದ ಇಳಿಬಿದ್ದ ಕ್ರಿಸ್‌ಮಸ್ ನಕ್ಷತ್ರಗಳು. ಕೂರಲು ಸೋಫಾಗಳೇನೋ ಬೇಕಾದಷ್ಟಿದ್ದವು, ಕೂತವರು ಮಾತ್ರ ಇಬ್ಬರೋ ಮೂವರೋ.

“ಇಷ್ಟು ಜಾಗದಲ್ಲಿ ಮೂವತ್ತು ಟೇಬಲ್ ಹಾಕ್ಬಹುದಿತ್ತು ಮಾರಾಯ್ತಿ,” ಎಂದರು ಇವರು.

ಮರುದಿನ ಬೆಳಿಗ್ಗೆ ತಿಂಡಿಗೆ ಕೆಳಗೆ ಇಳಿದೆವು. ಹಣ್ಣು, ಬ್ರೆಡ್ಡು, ಪೋಹೆ, ಮಿಸಳ್, ಇಡ್ಲಿ, ಯಾವುದುಂಟು ಯಾವುದಿಲ್ಲ! ಕಿಟಕಿಯ ಪಕ್ಕದ ಟೇಬಲನ್ನು ನಾನೇ ಆರಿಸಿದೆ. ನಾನು ಪಪ್ಪಾಯಿಗೆ ಚಮಚ ಹಾಕುವಷ್ಟರಲ್ಲಿ ಇವರ ಮೂರು ಇಡ್ಲಿ ಮಾಯವಾಗಿತ್ತು. ಎದ್ದು ನಿಂತರು.

“ಸರ್, ಆರಾಮಾತ್ ಬಸಾ,” ಎಂದ ವೇಟರು, ಆರಾಮಾಗಿ ಕೂತಿರಿ ಎಂದು.

ಆರಾಮಾಗಿ ಕೂರುವುದೆಂದರೇನೆಂದು ಇವರಿಗೆ ಅರ್ಥವೇ ಆಗಲಿಲ್ಲ. “ಹೀಗೆ ಕೂರಿಸಿದ್ರೆ ಹೋಟೆಲ್ ನಡೆಯುದು ಹೇಗೆ?” ಎಂದು ನನ್ನನ್ನು ಕೇಳಿ, ದೋಸೆ ಹುಯ್ಯುವವನ ಹತ್ತಿರ ಹೋಗಿ ನಿಂತರು. ಕಾವಲಿ ಹೆಚ್ಚು ಕಾದಿದೆ ಎಂದು ಅವನಿಗೆ ಪಾಠ ಶುರುವಾಯಿತು. ಅವನು ಪಾಪದವನು, ತಲೆಯಾಡಿಸುತ್ತಿದ್ದ. ನಾನು ಖಾಲಿ ಕುರ್ಚಿಯ ಎದುರು ಪಪ್ಪಾಯಿ ತಿಂದು ಮುಗಿಸಿದೆ. ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ದೊಡ್ಡ ಹೋಟೆಲಿನಿಂದಲೂ ಆಗದ ಕೆಲಸ ಇನ್ನೆಲ್ಲಿ ಆದೀತು ಎನ್ನಿಸಿತು.

ಸಂಜೆ ನಾಲ್ಕರ ಹೊತ್ತಿಗೆ ಕ್ಯಾಂಪು ಸುತ್ತಲು ಹೊರಟೆವು. ಮಧ್ಯಾಹ್ನದ ನಿದ್ದೆ ಮುಗಿಸಿ ಅಂಗಡಿಗಳು ಒಂದೊಂದಾಗಿ ಷಟರ್ ಎತ್ತುತ್ತಿದ್ದವು. ಬೇಕರಿಯ ಮುಂದೆ ಬಿಸ್ಕೆಟ್ಟಿಗೆ ಸಾಲು ಈಗಲೂ ಇತ್ತು. ಬೆಣ್ಣೆಯ ಆ ವಾಸನೆಗೆ ನನ್ನ ಮಕ್ಕಳು ರಸ್ತೆಯಲ್ಲೇ ರಚ್ಚೆ ಹಿಡಿಯುತ್ತಿದ್ದರು. ನನ್ನ ರವಿಕೆ ಹೊಲಿಯುತ್ತಿದ್ದ ದರ್ಜಿಯ ಜಾಗದಲ್ಲಿ ಫೋನು ಮಾರುತ್ತಿದ್ದರು. ಇರಾನಿ ಹೋಟೆಲಿನ ಗುಂಡು ಮೇಜುಗಳು ಎಲ್ಲಿ ಹೋದವೋ, ಅಲ್ಲೀಗ ಬರೀ ಬೂಟುಗಳು. ಟಾಂಗಾ ನಿಲ್ಲುತ್ತಿದ್ದ ಮರದಡಿ ಬೈಕುಗಳು ಒತ್ತೊತ್ತಾಗಿ ನಿಂತಿದ್ದವು. ಇಗರ್ಜಿಯ ಗಂಟೆ ಮಾತ್ರ ಹಳೆಯ ದನಿಯಲ್ಲೇ ಹೊಡೆಯಿತು.

ನಮ್ಮ ಗಲ್ಲಿಗೆ ತಿರುಗಿದ್ದೇ ಇವರ ಕಾಲು ಚುರುಕಾಯಿತು. ಹೊಸ ಬೋರ್ಡು, ಹಸಿರು ಬಣ್ಣ. ಮೇಲಿನ ಕೋಣೆಗಳಲ್ಲಿ ಈಗ ಟ್ಯೂಷನ್ ತರಗತಿ. ಹೋಟೆಲು ಕೊಂಡ ಬಸವರಾಜ ಜಮಖಂಡಿಯವನು. ನಮ್ಮನ್ನು ಕಂಡು ಗಲ್ಲಾದಿಂದ ಇಳಿದೇ ಬಂದ.

“ಅಯ್ಯ, ಯಜಮಾನ್ರ! ಯಾವಾಗ ಬಂದ್ರಿ? ಬರ್ರಿ, ಗಲ್ಲಾದ ಮ್ಯಾಲೆ ಕೂಡ್ರಿ. ನಿಮ್ಮ ಕುರ್ಚಿ ಹಂಗ ಅದ.”

ಇವರ ಮುಖ ಅರಳಿತು. ಹೊರಟೇಬಿಡುತ್ತಿದ್ದರು, ನಾನು ಅಂಗಿಯ ತೋಳು ಹಿಡಿದೆ. “ಇವತ್ತು ನಾವು ಗಿರಾಕಿಗಳು, ಬಸವರಾಜ. ನಮಗೆ ಟೇಬಲ್ ಬೇಕು.”

“ಭಾಳ ಛಲೋ ಆತು ಅಕ್ಕಾರ. ಕೂಡ್ರಿ, ಕೂಡ್ರಿ.”

ಕೂತೆವು. ಇವರು ಕುರ್ಚಿಯ ಅಂಚಿನಲ್ಲಿ, ಪರೀಕ್ಷೆಗೆ ಬಂದವರ ಹಾಗೆ. ಎರಡು ಮಸಾಲೆ ದೋಸೆ ಬಂತು. ಚಟ್ನಿ ನಮ್ಮ ಕಾಲದ್ದಲ್ಲ, ಬೆಳ್ಳುಳ್ಳಿ ಜಾಸ್ತಿ, ದೋಸೆ ಚೆನ್ನಾಗಿತ್ತು. ಐದಕ್ಕೆ ಜನ ನುಗ್ಗಿದರು. ಕುರ್ಚಿಗಳೆಲ್ಲ ತುಂಬಿ, ಅಪ್ಪ ಅಮ್ಮ ಮಗಳು ಮೂವರು ಇವರ ಬೆನ್ನ ಹಿಂದೆಯೇ ಬಂದು ನಿಂತರು.

ನಮ್ಮನ್ನು ಅರಿಯದ ಹೊಸ ವೇಟರು ಒಬ್ಬ ಒದ್ದೆ ಬಟ್ಟೆ ತಂದು, ನನ್ನ ತಟ್ಟೆಯ ಸುತ್ತ ಟೇಬಲು ಒರೆಸತೊಡಗಿದ. “ಝಾಲಂ ಕಾ ಕಾಕಾ?” ಎಂದ. ಆಯಿತಾ ಎಂದು ಕೇಳುವ ರೀತಿ ಅದು. ನಿಧಾನದ ಗಿರಾಕಿಯನ್ನು ಏಳಿಸುವ ಈ ಒದ್ದೆ ಬಟ್ಟೆಯ ಉಪಾಯವನ್ನು ಈ ಹೋಟೆಲಿನಲ್ಲಿ ಎಲ್ಲರಿಗೂ ಕಲಿಸಿದವರು ಇವರೇ. ಕಲಿಸಿದ ಗುರುವೇ ಅರ್ಧ ದೋಸೆ ಬಿಟ್ಟು ಧಡಕ್ಕನೆ ಎದ್ದು, ಹಿಂದಿನವರಿಗೆ “ಯಾ, ಬಸಾ ಬಸಾ” ಎಂದು ಕುರ್ಚಿ ಎಳೆದುಕೊಟ್ಟರು.

“ಹೋಯ್, ಕೂತ್ಕೊಳ್ಳಿ,” ಎಂದೆ.

“ಗಿರಾಕಿ ನಿಂತಿದ್ದಾರೆ ಮಾರಾಯ್ತಿ.”

“ನಾನು ಐವತ್ತು ವರ್ಷದಿಂದ ನಿಂತಿದ್ದೇನೆ. ಅದು ನಿಮಗೆ ಕಾಣಿಸಲಿಲ್ವಾ?”

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಇವರು ನಿಂತಲ್ಲೇ ನನ್ನನ್ನು ನೋಡಿದರು. ಹಿಂದಿದ್ದ ಹುಡುಗಿ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದಳು. ಇವರು ಕುರ್ಚಿಯನ್ನು ಮೆಲ್ಲಗೆ ವಾಪಸು ಎಳೆದುಕೊಂಡು ಕೂತರು, ಈ ಸಲ ಬೆನ್ನು ಊರಿ.

ವೇಟರು ಇನ್ನೊಮ್ಮೆ ಬಟ್ಟೆ ಆಡಿಸಿದ. “ಕಾಕಾ, ಲೋಕ ಥಾಂಬಲೇತ,” ಎಂದ. ಜನ ಕಾಯುತ್ತಿದ್ದಾರೆ.

“ಥಾಂಬೂ ದೇ,” ಎಂದರು ಇವರು. ಕಾಯಲಿ ಬಿಡು. “ಎರಡು ಕಾಫಿ ತಾ. ಅವಸರ ಇಲ್ಲ.”

ಗಿರಾಕಿ ಕಾಯಲಿ ಎಂಬ ಮಾತು ಇವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ತಲೆ ತಗ್ಗಿಸಿ ದೋಸೆಯನ್ನೇ ನೋಡುತ್ತ ತಿಂದೆ, ಕಣ್ಣು ತುಂಬಿದ್ದು ಕಾಣಬಾರದೆಂದು. ಹುಡುಗಿಯ ಮನೆಯವರಿಗೆ ಬಸವರಾಜ ಒಳಗೆ ಜಾಗ ಮಾಡಿಕೊಟ್ಟ. ಕಾಫಿ ಬಂತು. ಸಂಜೆಯ ಚಳಿಗೆ ಹಿತವಾಗಿತ್ತು. ಇಗರ್ಜಿಯ ಗಂಟೆ ಆರು ಹೊಡೆಯುವವರೆಗೂ ಕೂತಿದ್ದೆವು. ಮಾತಾಡಿದ್ದೆಲ್ಲ ಆ ಚಟ್ನಿಗೆ ಬಿದ್ದ ಬೆಳ್ಳುಳ್ಳಿಯ ವಿಷಯವೇ.

ಮರುದಿನ ಬೆಳಿಗ್ಗೆ ಬೆಳಗಾವಿ ಬಸ್ಸು ಹತ್ತಿದೆವು. ಸಾತಾರಾ ದಾಟಿ ಒಂದು ಢಾಬಾದಲ್ಲಿ ಚಹಾಕ್ಕೆ ನಿಲ್ಲಿಸಿ, ಹತ್ತೇ ನಿಮಿಷ ಎಂದ ಕಂಡಕ್ಟರ್. ಪ್ಲಾಸ್ಟಿಕ್ ಕುರ್ಚಿಯಲ್ಲಿ ಎದುರು ಬದುರು ಕೂತು ಒಂದೊಂದು ವಡಾಪಾವ್ ತೆಗೆದುಕೊಂಡೆವು. ಇವರದು ಯಾವಾಗಲೋ ಮುಗಿದಿತ್ತು. ಕಂಡಕ್ಟರ್ ಸೀಟಿ ಊದಿದ, ಡ್ರೈವರ್ ಹಾರ್ನ್ ಹೊಡೆದ, ಜನ ಕಿಟಕಿಯಿಂದ ಕೂಗಿದರು. ಜಪ್ಪಯ್ಯ ಎಂದರೂ ಇವರು ಏಳಲಿಲ್ಲ.

“ನಿಂದು ಮುಗೀಲಿ,” ಎಂದರು.