ಪಂಚೆಯ ಮೇಲೆ ಬೀಳದ ಹನಿ

ಮೂರೂವರೆ ಸಾವಿರ ರೂಪಾಯಿ ಮತ್ತು ಒಂದು ಒಳ್ಳೆಯ ಅಂಗಿ. ನನ್ನ ಹಳೆಯ ಗೂಡ್ಸ್ ವ್ಯಾನಿಗೆ ಹೊಸ ಆಯಿಲ್ ಪ್ಯಾನ್ ಕೂರಿಸಲು ಹಿಡಿದ ಖರ್ಚು ಇಷ್ಟೇ. ಹೊಸಪೇಟೆಯ ಗ್ಯಾರೇಜಿನವನು ಒಂಬತ್ತು ಸಾವಿರ ಕೇಳಿ, ಗಾಡಿಯನ್ನು ವಾರ ಬಿಟ್ಟು ಹೋಗಿ ಎಂದಿದ್ದ. ಒಂಬತ್ತನ್ನು ಆರಕ್ಕೆ ಇಳಿಸುವುದು ನನಗೆ ಕಷ್ಟವಿರಲಿಲ್ಲ. ವಾರವನ್ನು ಇಳಿಸಲು ಆಗಲಿಲ್ಲ. ಭಾನುವಾರ ಮಧ್ಯಾಹ್ನ ನನ್ನ ಭಾವಮೈದ ವೀರೇಶ ಗುಜರಿ ವ್ಯಾಪಾರಿಯನ್ನು ಕರೆತರುವವನಿದ್ದ. ಅಷ್ಟರೊಳಗೆ ಎಣ್ಣೆ ಸೋರುವುದು ನಿಂತರೆ ವ್ಯಾನು ಉಳಿಯುತ್ತದೆ, ಇಲ್ಲವಾದರೆ ತಕ್ಕಡಿಗೆ ಹೋಗುತ್ತದೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕಂಪ್ಲಿಯ ಬಾಳೆಗೊನೆ ಹೊತ್ತು ನನ್ನನ್ನು ನಾಲ್ಕು ಜನರ ನಡುವೆ ಕೂರಿಸಿದ ಗಾಡಿ ಅದು. ತೂಕಕ್ಕೆ ಹಾಕಲು ಮನಸ್ಸು ಹೇಗೆ ಬರಬೇಕು?

ಆಯಿಲ್ ಪ್ಯಾನ್ ಎಂದರೆ ಎಂಜಿನ್ನಿನ ತಳಕ್ಕೆ ಬೋಲ್ಟು ಹಾಕಿ ಬಿಗಿದ ತಗಡಿನ ತಟ್ಟೆ. ಎಂಜಿನ್ನಿನ ಎಣ್ಣೆಯೆಲ್ಲ ನಿಲ್ಲುವುದು ಅದರಲ್ಲೇ. ಅದನ್ನು ಎಲ್ಲಕ್ಕಿಂತ ಕೆಳಗಿಟ್ಟ ಮಹಾನುಭಾವ ಸಂಡೂರಿನ ಕಡೆಯ ರಸ್ತೆ ನೋಡಿದವನಲ್ಲ. ವಡ್ಡು ಎಂಬ ಊರು ದಾಟಿದ ಮೇಲೆ ಅದಿರು ಲಾರಿಯಿಂದ ಉದುರಿದ ತೆಂಗಿನಕಾಯಿ ಗಾತ್ರದ ಗಡ್ಡೆಯೊಂದು ಬಿದ್ದಿತ್ತು. ನಮ್ಮ ಕಡೆಯವರು ಅದಿರು ಗಡ್ಡೆಗೆ ದಾರಿ ಬಿಟ್ಟುಕೊಡುವುದಿಲ್ಲ. ಎರಡು ಚಕ್ರದ ನಡುವೆ ಹಾಯಿಸಿ ಗೆದ್ದೆವು ಎಂದುಕೊಳ್ಳುತ್ತೇವೆ. ಗೊನೆಗಳ ಭಾರಕ್ಕೆ ವ್ಯಾನು ತಗ್ಗಿತ್ತು ಎಂಬುದು ನನಗೆ ನೆನಪಾದದ್ದು ಡಣ್ ಎಂದ ಮೇಲೆ. ಎಣ್ಣೆ ಮುಗಿಯಿತೆನ್ನುವ ಕೆಂಪು ದೀಪ ಹತ್ತಿದ ಕೂಡಲೇ ಎಂಜಿನ್ ಆರಿಸಿದೆ, ಅದೊಂದು ಜಾಣತನ. ಪಾಪಿನಾಯಕನಹಳ್ಳಿಯ ಟ್ರ್ಯಾಕ್ಟರಿನವನು ಎರಡು ಗೊನೆಗೆ ಒಪ್ಪಿ ಮನೆಯವರೆಗೆ ಎಳೆದು ತಂದ. ಕೇಳಿದ್ದು ನಾಲ್ಕು ಎಂಬುದನ್ನು ಹೇಳದೆ ಇರಲಾರೆ.

ಶುಕ್ರವಾರ ವ್ಯಾನನ್ನು ಎತ್ತಿ, ದಪ್ಪ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಅಡಿಗೆ ನುಸುಳಿದೆ. ಉಳಿದ ಎಣ್ಣೆ ಇಳಿಯುತ್ತದೆಂದು ಬೋಗುಣಿ ಇಟ್ಟಿದ್ದೆ. ಅದು ಅಂಗಿಯನ್ನೇ ಆರಿಸಿಕೊಂಡಿತು. ಒಡೆದ ಪ್ಯಾನು ಬಿಚ್ಚಿ, ಹೊಸದಕ್ಕೆ ಅಂಟು ಬಳಿದು, ಒಂದು ಕಡೆಯಿಂದ ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದೆ. ಶನಿವಾರ ಬೆಳಗ್ಗೆ ಎಣ್ಣೆ ಸುರಿದರೆ ಇನ್ನೊಂದು ಮೂಲೆಯಿಂದ ತೊಟತೊಟ. ಹಂಪಿಯಲ್ಲಿ ಗಾರೆಯೇ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಶತಮಾನಗಟ್ಟಲೆ ಕೂತಿದೆ. ನನ್ನದು ಅಂಟು ಹಚ್ಚಿಯೂ ಒಂದು ರಾತ್ರಿ ಬಾಳಲಿಲ್ಲ.

ಹೆಂಡತಿ ಶಾಂತಮ್ಮ ಚಹಾ ತಂದವಳು ಬಗ್ಗಿ ನೋಡಿದಳು.

“ಯಾಪಾರದಾಗ ಗಿರಾಕಿನ ಒಮ್ಮಿಗೇ ಹಿಡದು ಹಿಂಡತೀರೇನು? ಇತ್ತಾಗ ಸ್ವಲ್ಪ, ಅತ್ತಾಗ ಸ್ವಲ್ಪ ಅಂತ ಊರಿಗೆಲ್ಲ ಹೇಳ್ತೀರಿ. ಇದಕ್ಯಾಕ ಹಂಗ ಮಾಡಂಗಿಲ್ರಿ?”

ಮತ್ತೆ ಬಿಚ್ಚಿದೆ. ಈ ಸಲ ಕಲ್ಲು ಕೂರಿಸಿದವರನ್ನು ನೆನೆದು, ಹಳೆಯ ಅಂಟನ್ನೂ ಕೆಂಪು ಧೂಳನ್ನೂ ಕೆರೆದು ಎಂಜಿನ್ನಿನದೂ ಪ್ಯಾನಿನದೂ ಎರಡೂ ಮೈಯನ್ನು ಹೊಳೆಯುವಂತೆ ಒರೆಸಿದೆ. ಹೊಸ ಅಂಟು ಬಳಿದು, ಎಲ್ಲ ಬೋಲ್ಟನ್ನೂ ಮೊದಲು ಬೆರಳಿನಿಂದಷ್ಟೇ ತಿರುಗಿಸಿ, ಆಮೇಲೆ ಇಲ್ಲೊಂದು, ಅದರ ಎದುರಿಗೊಂದು, ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋದೆ. ಥೇಟ್ ಕಂಪ್ಲಿಯ ಚೌಕಾಶಿ.

ಭಾನುವಾರ ಎಣ್ಣೆ ತುಂಬಿಸಿ ಎಂಜಿನ್ ಚಾಲೂ ಮಾಡಿದೆ. ಅಡಿಯಲ್ಲಿ ಹಾಸಲು ರಟ್ಟು ಹುಡುಕುತ್ತಿದ್ದರೆ ಶಾಂತಮ್ಮ ನನ್ನ ಜರಿಯಂಚಿನ ಬಿಳಿ ಪಂಚೆಯನ್ನೇ ತಂದು ಹಾಸಿದಳು. ಅಷ್ಟು ಭರವಸೆಯೋ, ಅಷ್ಟು ಸಿಟ್ಟೋ, ನಾನು ಕೇಳಲಿಲ್ಲ.

ಮಧ್ಯಾಹ್ನ ವ್ಯಾಪಾರಿ ಬಂದು ಬಗ್ಗಿದ. ಪಂಚೆ ಮಡಿಯಂತೆ ಬೆಳ್ಳಗಿತ್ತು.

“ಎಣ್ಣೀನ ಹಾಕಿಲ್ಲೇನ್ರಿ ಮತ್ತ?” ಎಂದ.

ಅಳತೆಕಡ್ಡಿ ಎಳೆದು ತೋರಿಸಿದೆ, ಗೆರೆಯವರೆಗೂ ಜೇನುಬಣ್ಣ. ಅವನ ದನಿ ಬದಲಾಯಿತು, ದರ ಏರಿತು. ನಾನೂ ಉಮೇದಿನಿಂದ ಚೌಕಾಶಿಗಿಳಿದು ಅದನ್ನು ಇಮ್ಮಡಿಗೆ ಏರಿಸಿ, ಕೊನೆಗೆ ಕೊಡುವುದಿಲ್ಲ ಎಂದೆ.

ವೀರೇಶ ಹಣೆ ಒತ್ತಿಕೊಂಡ. “ಕೊಡೂದಿಲ್ಲಂದ್ರ ಇಷ್ಟೊತ್ತು ಯಾಕ ಏರಿಸಿದಿ ಮಾವಾ?”

“ಗಾಡಿ ಬೆಲಿ ನಿನಗ ಗೊತ್ತಾಗ್ಲಿ ಅಂತಲೇ,” ಎಂದೆ.

ನೀವೂ ಮಾಡಬಹುದು. ಜಾಕ್ ಒಂದನ್ನೇ ನಂಬಿ ಗಾಡಿಯಡಿ ಹೋಗಬೇಡಿ. ಹೊಸ ಅಂಟಿಗಿಂತ ಹಳೆಯ ಅಂಟು ಕೆರೆಯುವುದಕ್ಕೆ ಹೆಚ್ಚು ಹೊತ್ತು ಕೊಡಿ. ಬೋಲ್ಟನ್ನು ಎದುರುಬದುರಾಗಿ, ಸಮಾಧಾನವಾಗಿ ಬಿಗಿಯಿರಿ. ಹಳೆಯ ಅಂಗಿ ತೊಟ್ಟುಕೊಳ್ಳಿ. ಆದರೆ ಕೆಳಗೆ ಹಾಸುವುದು ಮಾತ್ರ ನಿಮ್ಮ ಒಳ್ಳೆಯ ಪಂಚೆಯೇ ಆಗಿರಲಿ. ಹನಿ ಬಿದ್ದರೂ ಪರವಾಗಿಲ್ಲ ಎಂದು ರಟ್ಟು ಹಾಸುವವನ ಕೈ ಬೋಲ್ಟಿನ ಮೇಲೂ ಪರವಾಗಿಲ್ಲ ಎಂದೇ ನಿಲ್ಲುತ್ತದೆ.