ತೊಳೆದು ಕೊಟ್ಟ ಡಬ್ಬಿ

ಹೆಂಡತಿ ತವರಿಗೆ ಹೋದಾಗ ಗಂಡಸರು ಏನೇನೋ ಮಾಡುತ್ತಾರಂತೆ. ನಾನು ಸಾಮಾನಿನ ಕೋಣೆ ಜೋಡಿಸಿದೆ. ಬೇರೇನಾದರೂ ಮಾಡಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲವೇನೋ.

ಆಳಂದದಲ್ಲಿ ನಾವಿರುವ ಬಾಡಿಗೆ ಮನೆಯ ಅಡುಗೆಮನೆಗೆ ಅಂಟಿಕೊಂಡು ಈ ಕೋಣೆಯಿದೆ. ಕೋಣೆ ಎನ್ನುವುದು ಮನೆ ಮಾಲೀಕರ ಮಾತು. ಒಳಗೆ ಹೋದವರು ತಿರುಗಿ ನಿಲ್ಲಲಾಗದೆ ಹಿಂದೆ ಹಿಂದೆ ಹೆಜ್ಜೆಯಿಟ್ಟೇ ಹೊರಬರಬೇಕು. ಮೂರು ಗೋಡೆಗೂ ಶಹಾಬಾದಿ ಕಲ್ಲಿನ ಹಲಗೆ ಕೂಡಿಸಿದ್ದಾರೆ. ಅವುಗಳ ಮೇಲೆ ನನ್ನ ಹೆಂಡತಿ ಮಹಾದೇವಿಯ ಸಂಸಾರವೆಲ್ಲ ಇದೆ. ಜೋಳದ ಹಿಟ್ಟಿನ ಡಬ್ಬಿಯ ತಲೆಯ ಮೇಲೆ ಬೆಲ್ಲ, ಬೆಲ್ಲದ ಬೆನ್ನಿಗೆ ಕುಸುಬಿ ಎಣ್ಣೆಯ ಕ್ಯಾನು, ಅದರ ಹಿಂದೆ ಕತ್ತಲು. ಆ ಕತ್ತಲಿಗೆ ಕೈ ಹಾಕಿ ಅವಳು ಬೇಕಾದ್ದನ್ನು ತೆಗೆಯುತ್ತಾಳೆ. ನಾನು ಹಾಕಿದರೆ ಜಿರಲೆ ಸಿಗುತ್ತದೆ.

ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಮಹಾದೇವಿ ತವರೂರು ಕಿಣ್ಣಿ ಸುಲ್ತಾನಕ್ಕೆ ಹೋದಳು. ನಮ್ಮ ಕಾಲೇಜಿಗೆ ರಜೆ. ಅಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಜಗತ್ತಿನ ಗಿಡಮರಗಳನ್ನೆಲ್ಲ ಕುಟುಂಬ ಕುಟುಂಬವಾಗಿ ವಿಂಗಡಿಸಿ ಮಕ್ಕಳ ತಲೆಗೆ ತುಂಬುವವನಿಗೆ ಒಂದು ಸಾಮಾನಿನ ಕೋಣೆ ಯಾವ ಲೆಕ್ಕ? ತೊಗರಿ, ಕಡಲೆ, ಹೆಸರು, ಶೇಂಗಾ, ಇವೆಲ್ಲ ಒಂದೇ ಕುಟುಂಬ, ಆದ್ದರಿಂದ ಒಂದೇ ಹಲಗೆ. ಜೀರಿಗೆ, ಕೊತ್ತಂಬರಿ ಬೀಜ, ಅಜವಾನ ದಾಯಾದಿಗಳು, ಅವಕ್ಕೊಂದು ಮೂಲೆ. ಕುಸುಬಿಯೂ ಗುರೆಳ್ಳೂ ಸೂರ್ಯಕಾಂತಿಯ ಬಳಗದವು ಎಂದು ನಿಮಗೆ ಗೊತ್ತಿತ್ತೇ? ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ದಿನಾ ತಿಂದರೂ ಗೊತ್ತಿರುವುದಿಲ್ಲ. ಅವೆರಡನ್ನೂ ಅಕ್ಕಪಕ್ಕ ಇಟ್ಟಾಗ, ಅಗಲಿದ ಅಣ್ಣತಮ್ಮಂದಿರನ್ನು ಕೂಡಿಸಿದ ಸಂತೋಷವಾಯಿತು. ಮೆಣಸಿನಕಾಯಿಯೂ ಆಲೂಗಡ್ಡೆಯೂ ಒಂದೇ ಮನೆತನದವು. ಆದ್ದರಿಂದ ಖಾರದ ಪುಡಿ ನೆಲದ ಮೇಲಿನ ಆಲೂಗಡ್ಡೆಯ ಬುಟ್ಟಿಗೆ ಬಂತು.

ಹೀಗೆ ಜೋಡಿಸುತ್ತ ಹೋದಾಗ ಒಂದು ವಿಷಯ ಬೆಳಕಿಗೆ ಬಂತು. ಕೋಣೆಯಲ್ಲಿದ್ದ ಡಬ್ಬಿಗಳಲ್ಲಿ ಎಷ್ಟೋ ನಮ್ಮವೇ ಅಲ್ಲ. ಒಂದರ ತಳದಲ್ಲಿ ಓಣಿಯ ಕೊನೆಯ ಮನೆಯವರ ಮದುವೆಯ ಹೆಸರು ಕೊರೆದಿದೆ, ಒಂದು ಜೇವರ್ಗಿಯಲ್ಲಿರುವ ನನ್ನ ತಂಗಿಯದು, ಇನ್ನೊಂದು ಎದುರು ಮನೆಯದು. ಒಂದು ಸ್ಟೀಲ್ ಡಬ್ಬಿಯಂತೂ ಪಕ್ಕದ ಮನೆಯ ಶಾಂತಾಬಾಯಿಯವರದು ಎಂದು ನೋಡಿದ ಕೂಡಲೇ ತಿಳಿಯಿತು. ಹಿಂದಿನ ವಾರ ಅದರಲ್ಲಿ ಗುರೆಳ್ಳು ಹಿಂಡಿ ಬಂದಿತ್ತು. ಹಿಂಡಿ ಎಂದರೆ ನಮ್ಮಲ್ಲಿ ಚಟ್ನಿಪುಡಿ. ಅದಿಲ್ಲದೆ ರೊಟ್ಟಿ ಗಂಟಲಿಗಿಳಿಯುವುದಿಲ್ಲ. "ಉಪ್ಪು ಒಂದೀಟು ಮುಂದಾಗ್ಯಾದ ನೋಡಕ್ಕಾ" ಎಂದು ಮಹಾದೇವಿ ಕಾಂಪೌಂಡ್ ಗೋಡೆಯ ಮೇಲಿಂದ ಹೇಳಿದ್ದಳು. ಅವರಿಬ್ಬರ ನಡುವೆ ಅಷ್ಟು ಸಲಿಗೆಯಿದೆ. ಶಾಂತಾಬಾಯಿ ನಕ್ಕಿದ್ದರು. ಇಬ್ಬರೂ ಒಡಹುಟ್ಟಿದವರಲ್ಲ ಎಂದರೆ ಓಣಿಗೆ ಹೊಸದಾಗಿ ಬಂದವರು ನಂಬುವುದಿಲ್ಲ.

ಪರರ ವಸ್ತು ಇಟ್ಟುಕೊಂಡು ಜಾಗ ಇಲ್ಲ ಎಂದು ಗೋಳಾಡುವುದು ಯಾವ ನ್ಯಾಯ? ಉಳಿದಿದ್ದ ಹಿಂಡಿಯನ್ನು ನಮ್ಮ ಬರಣಿಗೆ ಸುರಿದೆ. ಡಬ್ಬಿಗಳನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮುಖ ಕಾಣುವಂತೆ ಹೊಳೆಯಿಸಿ ಮನೆಮನೆಗೆ ಕೊಟ್ಟು ಬಂದೆ. ತಂಗಿಯದೊಂದು ಉಳಿಯಿತು. ಅದನ್ನು ಜೇವರ್ಗಿಗೆ ಹೋಗುವವರ ಕೈಯಲ್ಲಿ ಕಳಿಸಬೇಕೆಂದಿದ್ದೆ. ಎದುರು ಮನೆಯವರು ಡಬ್ಬಿ ನೋಡಿ, ನನ್ನನ್ನು ನೋಡಿ ನಕ್ಕರು. ಶಾಂತಾಬಾಯಿ ಮುಚ್ಚಳ ತೆಗೆದು ಒಳಗೆ ನೋಡಿದರು.

"ಬಾಳ ದಿನ ನಮ್ಮಲ್ಲೇ ಉಳದಿತ್ರಿ ಅಕ್ಕಾರ" ಎಂದೆ. ಸಾಲದ್ದಕ್ಕೆ, "ಇನ್ನ ಹಂಗ ಉಳಸ್ಕೊಳ್ಳಂಗಿಲ್ರಿ" ಎಂದೂ ಸೇರಿಸಿದೆ.

"ಇಷ್ಟ ಗಡಿಬಿಡಿ ಏನಿತ್ರಿ ಸರ" ಎಂದವರು ಒಳಗೆ ಹೋದರು. ಚಹಾ ಕುಡಿಯಿರಿ ಎನ್ನಲಿಲ್ಲ. ಅವರ ಮಗಳು ಸುವರ್ಣಾಳ ಕುಬಸ ಹತ್ತಿರ ಬಂದಿತ್ತು. ಚೊಚ್ಚಲ ಬಸುರಿಗೆ ಸೀರೆ ಕುಬಸ ಕೊಟ್ಟು ಮಾಡುವ ಕಾರ್ಯ, ಕೆಲಸದ ಗದ್ದಲ ಇದ್ದೀತು ಎಂದುಕೊಂಡೆ.

ಮಹಾದೇವಿ ಊರಿಂದ ಬಂದವಳೇ ಕೋಣೆಯೊಳಗೆ ಹೊಕ್ಕಳು.

"ರೀ, ಖಾರದ ಪುಡಿ ಎಲ್ಲಿಟ್ಟೀರಿ?"

"ಆಲೂಗಡ್ಡಿ ಬಾಜೂಕ ಅದ. ಎರಡೂ ಒಂದ ಮನೆತನದವು."

"ಹಂಗಾದ್ರ ಗೊಬ್ಬೂರಿಂದ ನಿಮ್ಮ ತಮ್ಮನ್ನೂ ಕರಸ್ರಿ, ನಿಮ್ಮ ಬಾಜೂಕ ಕುಂದರಸೂಣು."

ಅಲ್ಲಿಯವರೆಗೆ ಎಲ್ಲವೂ ನಗೆಯಲ್ಲೇ ಇತ್ತು. ಆಮೇಲೆ ಶಾಂತಾಬಾಯಿಯ ಡಬ್ಬಿ ಕೇಳಿದಳು. ಕೊಟ್ಟೆನೆಂದೆ. "ಏನ್ ಹಾಕಿ ಕೊಟ್ರಿ?" ಎಂದಳು. ತೊಳೆದು ಕೊಟ್ಟೆನೆಂದೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತಳು.

ನಮ್ಮಲ್ಲಿ ಯಾರೂ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳ, ಅದೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ. ಇದು ನನಗೂ ಗೊತ್ತಿರಬೇಕಿತ್ತು ಎನ್ನುತ್ತೀರಿ. ಚಿಕ್ಕಂದಿನಿಂದ ಡಬ್ಬಿ ಹೊತ್ತವನೇ ನಾನು. ಆದರೆ ನಮ್ಮ ಮನೆಗಳಲ್ಲಿ ಗಂಡಸರಿಗೆ ಡಬ್ಬಿ ಕೊಡುವುದು ಮುಚ್ಚಳ ಹಾಕಿದ ಮೇಲೆ. ಒಳಗೇನಿದೆ ಎಂದು ನಾವು ಕೇಳಿದವರಲ್ಲ. ಈಗ ನೀವೇ ನೋಡಿ. ಉಪ್ಪು ಹೆಚ್ಚಾಯಿತು ಎಂದ ಮನೆಯಿಂದ ಅದೇ ಹಿಂಡಿಯ ಡಬ್ಬಿ ಬರಿದಾಗಿ, ತಿಕ್ಕಿ ತೊಳೆದು, ಇನ್ನು ಮೇಲೆ ಇಟ್ಟುಕೊಳ್ಳುವುದಿಲ್ಲ ಎಂಬ ಮಾತಿನೊಂದಿಗೆ ವಾಪಸು ಬಂದರೆ ಯಾರಾದರೂ ಏನೆಂದು ತಿಳಿಯಬೇಕು?

ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಕುಬಸದ ಊಟಕ್ಕೆ ಕಟಕ್ ರೊಟ್ಟಿ ಮಾಡಿ ಒಣಗಿಸಿಡಲು ಓಣಿಯ ಹೆಂಗಸರೆಲ್ಲ ಸೇರಿದ್ದರು. ಮಹಾದೇವಿಗೆ ಮಾತ್ರ ಕರೆ ಬಂದಿರಲಿಲ್ಲ. ಈ ಓಣಿಗೆ ಬಂದ ಮೇಲೆ ಅವಳಿಲ್ಲದೆ ಆ ಮನೆಯಲ್ಲಿ ರೊಟ್ಟಿಯಾದದ್ದೇ ಇಲ್ಲ. ಸುವರ್ಣಾಳ ಮದುವೆಯಲ್ಲಿ ಇವಳೇ ಮುಂದೆ ನಿಂತು ಎಲ್ಲ ಮಾಡಿಸಿದ್ದಳು. ಈಗ ಅಕ್ಕಿ ಆರಿಸುತ್ತ ಕುಳಿತವಳು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು. ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ನನಗೆ ಬಹಳ ಕೆಟ್ಟದೆನಿಸಿತು.

"ಪೇಢೆ ತರ್ತೇನಿ, ಡಬ್ಬಿ ತುಂಬ ಹಾಕಿ ಕೊಟ್ ಬರೂಣು" ಎಂದೆ.

"ಈಗ ತುಂಬಿ ಕೊಟ್ರ ಲೆಕ್ಕ ಚುಕ್ತಾ ಮಾಡ್ದಂಗ ಆಗ್ತದ್ರಿ" ಎಂದಳು. ಎದ್ದು ಹೋಗಿ ಸಾಮಾನಿನ ಕೋಣೆಯಿಂದ ಒಂದು ಬಟ್ಟಲು ತಂದು ನನ್ನ ಕೈಗಿಟ್ಟಳು. "ಅಕ್ಕನ ಕಡಿ ಹೋಗಿ ಹೆಪ್ಪು ಕೇಳ್ರಿ."

"ಫ್ರಿಜ್ಜಿನ್ಯಾಗ ಗಡಗಿ ತುಂಬ ಮೊಸರು ಅದಲ್ಲ?"

"ಅದ. ನಿಮಗ ಹೋಗ್ರಿ ಅಂದೇನಿ, ಹೋಗ್ರಿ."

ಹೋದೆ. ಅಂಗಳದ ತುಂಬ ಹೆಂಗಸರು, ಹೊಗೆ, ಹಿಟ್ಟು. ಕಾಲೇಜಿನಲ್ಲಿ ನೂರು ಹುಡುಗರ ಮುಂದೆ ನಿಲ್ಲುವವನು ಆ ಅಂಗಳದಲ್ಲಿ ಬಟ್ಟಲು ಹಿಡಿದು ಬಾಗಿಲ ಬಳಿಯೇ ನಿಂತೆ. ಶಾಂತಾಬಾಯಿ ತಲೆಯೆತ್ತದೆ ಕೇಳಿದರು.

"ಏನ್ರಿ ಸರ?"

"ಹೆಪ್ಪು ಬೇಕಾಗಿತ್ರಿ ಅಕ್ಕಾರ. ಮನ್ಯಾಗ ಇಲ್ಲ."

ರೊಟ್ಟಿಯ ಸಪ್ಪಳ ನಿಂತಿತು. ಹೆಪ್ಪು ಬೇಕಾದಾಗ ಓಣಿಯವರೆಲ್ಲ ಬರುವುದು ನಮ್ಮ ಮನೆಗೇ. ಶಾಂತಾಬಾಯಿ ನನ್ನ ಮುಖ ನೋಡಿದರು, ಬಟ್ಟಲು ನೋಡಿದರು.

"ಮಾದೇವಿ ಮನ್ಯಾಗ ಹೆಪ್ಪಿಲ್ಲೇನ್ರಿ?"

"ಇಲ್ರಿ" ಎಂದೆ. "ಡಬ್ಬಿ ತೊಳದು ಕೊಟ್ಟಾಂವ ನಾ ರಿ. ಆಕಿ ಹೇಳಿದ್ದಲ್ಲ, ಆಕಿಗ ಗೊತ್ತೂ ಇರಲಿಲ್ಲ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆಗೋ ಏನೋ, ಕೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ಬಟ್ಟಲನ್ನು ನನ್ನ ಕೈಯಿಂದ ಕಸಿದುಕೊಂಡು, "ಹೆಪ್ಪು ಆಮ್ಯಾಲ ನೋಡೂಣು. ಮೊದಲ ಆಕಿನ್ನ ಕಳಸ್ರಿ. ಮುಂಜಾನಿಂದ ಒಂದ್ ರೊಟ್ಟಿನೂ ನೆಟ್ಟಗ ಗುಂಡಗ ಆಗವಲ್ದು" ಎಂದರು. ಅಂಗಳವೆಲ್ಲ ನಕ್ಕಿತು. ನನಗೆ ಹೆಪ್ಪು ಸಿಗಲೇ ಇಲ್ಲ.

ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ಮಹಾದೇವಿ ಹಿಟ್ಟಿನ ಪರಾತ ಎತ್ತಿಕೊಂಡು ಹೊರಟಿದ್ದಳು. ಸಂಜೆ ಬಂದಾಗ ಮೈಯೆಲ್ಲ ಹಿಟ್ಟು, ಮುಖದ ತುಂಬ ನಗು. ಬಟ್ಟಲು ಅಲ್ಲೇ ಉಳಿದಿದೆಯಲ್ಲ, ತರುತ್ತೇನೆಂದು ಚಪ್ಪಲಿ ಮೆಟ್ಟಿದೆ.

"ತರಬ್ಯಾಡ್ರಿ" ಎಂದಳು. "ಅಲ್ಲೇ ಇರ್ಲಿ."

ಕುಬಸವಾಯಿತು, ಕೂಸೂ ಹುಟ್ಟಿತು. ಸಾಮಾನಿನ ಕೋಣೆಯಲ್ಲಿ ಖಾರದ ಪುಡಿ ಆಲೂಗಡ್ಡೆಯನ್ನು ಬಿಟ್ಟು ಹೋಗಿದೆ, ಕುಸುಬಿ ಮತ್ತು ಗುರೆಳ್ಳು ಮತ್ತೆ ಬೇರೆಯಾಗಿವೆ, ಎಲ್ಲದರ ಹಿಂದೆ ಮೊದಲಿನ ಕತ್ತಲೇ ಬಂದು ಕೂತಿದೆ. ಬಟ್ಟಲಿಟ್ಟಿದ್ದ ಜಾಗ ಮಾತ್ರ ಖಾಲಿ. ನನ್ನಿಂದ ಆ ಕೋಣೆಯಲ್ಲಿ ಆದದ್ದರಲ್ಲಿ ಮಹಾದೇವಿ ಬದಲಿಸದೆ ಬಿಟ್ಟಿರುವುದು ಅದೊಂದನ್ನೇ.